ಬಾಯಿಪಾಠ ಆದ ಮೇಲೆ

ಕೇಳುಗರಿಗೆ ನಮಸ್ಕಾರ.

‘ಬಾಯಿಪಾಠ ಬಿಡಿಸಿ, ಮಕ್ಕಳಿಗೆ ಯೋಚನೆ ಮಾಡೋದು ಕಲಿಸಿ’ ಅನ್ನುವ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಈ ಮಾತನ್ನೂ ನಾವು ಉರು ಹೊಡೆದೇ ಹೇಳುತ್ತಿದ್ದೇವೆಯೇನೋ ಎಂದು ನನಗೆ ಒಮ್ಮೊಮ್ಮೆ ಅನುಮಾನ.

ಚದುರಂಗದ ಒಂದು ಪ್ರಯೋಗ ಹೇಳುತ್ತೇನೆ. ಅಮೆರಿಕದ ಮನೋವಿಜ್ಞಾನಿಗಳಾದ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲಿ ಪ್ರಕಟಿಸಿದ್ದು. ನಿಜವಾದ ಆಟದ ನಡುವಿನ ಹಲಗೆಯನ್ನು 5 ಸೆಕೆಂಡು ತೋರಿಸಿ ಮರೆಮಾಡಿದರು. ಯಾವ ಕಾಯಿ ಎಲ್ಲಿತ್ತು ಎಂದು ನೆನಪಿನಿಂದ ಜೋಡಿಸಬೇಕು. ನುರಿತ ಆಟಗಾರ ಹೆಚ್ಚೂಕಡಿಮೆ 16 ಕಾಯಿ ಸರಿಯಾಗಿ ಇಟ್ಟ. ಹೊಸಬ ಇಟ್ಟದ್ದು ನಾಲ್ಕೋ ಏನೋ. ಆಮೇಲೆ ಕಾಯಿಗಳನ್ನು ಮನಬಂದಂತೆ ಚೆಲ್ಲಾಪಿಲ್ಲಿಯಾಗಿ ಇಟ್ಟು ತೋರಿಸಿದರು. ಈಗ ನುರಿತವನೂ ಹೊಸಬನ ಹಾಗೇ ತಡಕಾಡಿದ! ಅವನ ನೆನಪಿನ ಶಕ್ತಿ ಎಲ್ಲರಷ್ಟೇ. ಆದರೆ ಆಡಿದ, ನೋಡಿದ ಆಟಗಳ ಜೋಡಣೆಗಳು ಅರ್ಥದ ಸಮೇತ ತಲೆಯಲ್ಲಿ ಕೂತಿದ್ದವು. ಮುಂದಿನ ನಡೆ ಅವನಿಗೆ ಹೊಳೆಯುವುದೂ ಅವುಗಳಿಂದಲೇ.

ಮಗ್ಗಿಯೂ ಹಾಗೇ ಅಲ್ವಾ? ಭಿನ್ನರಾಶಿಯ ಲೆಕ್ಕದ ನಡುವೆ ಏಳೆಂಟ್ಲ ಎಷ್ಟು ಅಂತ ಬೆರಳು ಎಣಿಸುತ್ತಾ ಕೂತರೆ, ಲೆಕ್ಕ ಎಲ್ಲಿಗೆ ಬಂದಿತ್ತು ಅನ್ನುವುದೇ ಮರೆತುಹೋಗುತ್ತದೆ. ಮನಸ್ಸು ಒಂದು ಹೊತ್ತಿಗೆ ಹಿಡಿದಿಟ್ಟುಕೊಳ್ಳುವುದು ಕೆಲವೇ ಸಂಗತಿಗಳನ್ನು. ಹಾಗಂತ, ಥಟ್ಟನೆ 56 ಅಂದ ಮಗುವಿಗೆ ಶಭಾಷ್ ಹೇಳಿ ಕೂರಿಸಿಬಿಟ್ಟರೆ ಅರ್ಧ ಕೆಲಸವಷ್ಟೇ ಆಯಿತು. ‘ಇದರಿಂದಲೇ ಏಳೊಂಬತ್ಲ ಕಂಡುಹಿಡಿ’ ಎಂದು ಕೇಳಿ. ಇನ್ನೊಂದು ಏಳು ಸೇರಿಸಿದರೆ ಸಾಕು ಎಂದು ಕೆಲವರಿಗೆ ಹೊಳೆಯುತ್ತದೆ. ಕೆಲವರು ‘ಏಳೊಂದ್ಲ ಏಳು’ ಎಂದು ಮೊದಲಿಂದ ಶುರು ಮಾಡುತ್ತಾರೆ. ಉತ್ತರವೊಂದನ್ನೇ ನೋಡುವ ಪರೀಕ್ಷೆಯಲ್ಲಿ ಇಬ್ಬರಿಗೂ ಒಂದೇ ಅಂಕ. ನನ್ನ ತಕರಾರು ಆ ಪರೀಕ್ಷೆಯ ಮೇಲೆ. ಬಾಯಿಪಾಠದ್ದು ಏನು ತಪ್ಪು?

ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ವಾಲಿದೆ. ಮಕ್ಕಳು ಈ ಸಾಲನ್ನು ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಶಿಕ್ಷಕರೇ, ನಾಳೆ ತರಗತಿಯಲ್ಲಿ ಸುಮ್ನೆ ಕೇಳಿ ನೋಡಿ: ಅಕ್ಷ ವಾಲದೆ ನೆಟ್ಟಗೆ ಇದ್ದಿದ್ದರೆ ಬೇಸಿಗೆ, ಚಳಿಗಾಲ ಏನಾಗುತ್ತಿದ್ದವು? ಆ ಸಾಲೇ ಗೊತ್ತಿಲ್ಲದ ಮಗುವಿಗೆ ಯೋಚಿಸಲು ಹಿಡಿತವೇ ಸಿಗದು. ಗೊತ್ತಿರುವ ಮಕ್ಕಳೂ ಸ್ವಲ್ಪ ಹೊತ್ತು ಮುಖ ಮುಖ ನೋಡಿಕೊಳ್ಳುತ್ತಾರೆ. ಆಗ ಮಾತ್ರ ದಯವಿಟ್ಟು ಅವಸರಪಟ್ಟು ಉತ್ತರ ಹೇಳಿಬಿಡಬೇಡಿ.

ನಮಸ್ಕಾರ.