ದಾರಿ ಗೊತ್ತಿದ್ದೂ ಹೊರಡದವರು

ಎಲ್ಲರಿಗೂ ನಮಸ್ಕಾರ. ಮತ್ತಾಯನ ಸುವಾರ್ತೆಯ ಎರಡನೇ ಅಧ್ಯಾಯವನ್ನು ಕ್ರಿಸ್ಮಸ್ ಬಂದಾಗಲೆಲ್ಲ ಓದುತ್ತೇವೆ. ಮಗು ಯೇಸುವನ್ನು ಹುಡುಕಿ ಬಂದ ಜೋಯಿಸರು, ಅವರು ಕಂಡ ನಕ್ಷತ್ರ, ಅರಸ ಹೆರೋದ ಎಲ್ಲ ನೆನಪಿರುತ್ತಾರೆ. ಆದರೆ ಅಲ್ಲಿ ಇನ್ನೊಂದು ಗುಂಪು ಇದೆ. ಮಹಾಯಾಜಕರು ಮತ್ತು ಶಾಸ್ತ್ರಿಗಳು, ಅಂದರೆ ಯೆಹೂದ್ಯರ ಧರ್ಮಶಾಸ್ತ್ರ ಓದಿಕೊಂಡ ಪಂಡಿತರು. ಕ್ರಿಸ್ಮಸ್ ನಾಟಕದಲ್ಲಿ ಇವರ ವೇಷ ಹಾಕೋಕೆ ಯಾರೂ ಮುಂದೆ ಬರೋದಿಲ್ಲ ಬಿಡಿ.

ಕ್ರಿಸ್ತ ಎಲ್ಲಿ ಹುಟ್ಟಬೇಕು ಅಂತ ಹೆರೋದ ಅವರನ್ನು ಕರೆಸಿ ಕೇಳುತ್ತಾನೆ. ಅವರು ತಡವರಿಸೋದೇ ಇಲ್ಲ. ಬೇತ್ಲೆಹೇಮಿನಲ್ಲಿ ಅನ್ನುತ್ತಾರೆ, ಮೀಕ ಪ್ರವಾದಿಯ ಮಾತನ್ನು ಎತ್ತಿ ಹೇಳುತ್ತಾರೆ. ಉತ್ತರ ನೂರಕ್ಕೆ ನೂರು ಸರಿ. ಯೆರೂಸಲೇಮಿನಿಂದ ಬೇತ್ಲೆಹೇಮಿಗೆ ಎಷ್ಟು ದೂರ ಗೊತ್ತಾ? ಹೆಚ್ಚೂಕಡಿಮೆ 9 ಕಿಲೋಮೀಟರ್. ಬೆಳಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಮುಟ್ಟಬಹುದು. ದೂರದ ಮೂಡಣ ದೇಶದಿಂದ ಬಂದ ಜೋಯಿಸರು ಹೋದರು. ಶಾಸ್ತ್ರಿಗಳಲ್ಲಿ ಒಬ್ಬನಾದರೂ ಜೊತೆಗೆ ಹೊರಟ ಅಂತ ಮತ್ತಾಯ ಬರೆದಿಲ್ಲ.

ಇವರು ಕೆಟ್ಟವರು ಅಂತ ನಾನು ಹೇಳ್ತಿಲ್ಲ. ಸುಳ್ಳು ಹೇಳಲಿಲ್ಲ, ವಚನವನ್ನು ತಿರುಚಲಿಲ್ಲ. ಸುಮ್ನೆ ಉತ್ತರ ಕೊಟ್ಟು ಮನೆಗೆ ಹೋದರು, ಅಷ್ಟೇ. ನನಗೆ ಭಯ ಹುಟ್ಟಿಸೋದು ಇದೇ.

ಸೈತಾನನಿಗೂ ವಚನ ಬಾಯಿಪಾಠ. ಯೇಸುವನ್ನು ಪರೀಕ್ಷೆಗೆ ಒಡ್ಡುವಾಗ ಅವನು ಎತ್ತಿಕೊಂಡದ್ದು 91ನೇ ಕೀರ್ತನೆಯನ್ನು. ದೇವರು ಒಬ್ಬನೇ ಅಂತ ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ ಅಂತ ಯಾಕೋಬ ಬರೆಯುತ್ತಾನೆ. ಅಂದರೆ ಬರೀ ‘ಹೌದು, ಇದು ನಿಜ’ ಅಂದುಬಿಟ್ಟರೆ ಸಾಲದು.

ಹಾಗಂತ ಓದೋದೇ ಬೇಡ, ಮನಸ್ಸು ಶುದ್ಧವಾಗಿದ್ದರೆ ಸಾಕು ಅನ್ನೋರ ಮಾತನ್ನೂ ನಾನು ಒಪ್ಪೋದಿಲ್ಲ. ಜೋಯಿಸರಿಗೆ ಊರಿನ ಹೆಸರು ಸಿಕ್ಕಿದ್ದು ಶಾಸ್ತ್ರಿಗಳು ಓದಿಕೊಂಡಿದ್ದರಿಂದಲೇ ಅಲ್ವಾ? ಬೆರೋಯ ಅನ್ನೋ ಊರಿನವರು ಅಪೊಸ್ತಲ ಪೌಲನ ಮಾತನ್ನೂ ದಿನಾ ಶಾಸ್ತ್ರದ ಜೊತೆ ಒರೆಗೆ ಹಚ್ಚಿ ನೋಡುತ್ತಿದ್ದರು, ಅದಕ್ಕೇ ಅವರಿಗೆ ಹೊಗಳಿಕೆ ಸಿಕ್ಕಿತು.

ತೊಂದರೆ ಶುರುವಾಗೋದು ಬೇರೆ ಕಡೆ. ಒಬ್ಬರಿಗೆ ಬೈಬಲ್ ಚೆನ್ನಾಗಿ ಗೊತ್ತು ಅಂದುಕೊಳ್ಳಿ. ತಮ್ಮನನ್ನು ಎಷ್ಟು ಸಲ ಕ್ಷಮಿಸಬೇಕು ಅಂತ ಕೇಳಿದರೆ ‘ಏಳೆಪ್ಪತ್ತು ಸಲ, ಮತ್ತಾಯ 18’ ಅಂತ ತಟ್ಟನೆ ಹೇಳುತ್ತಾರೆ. ಅಲ್ಲಿ ಶಿಷ್ಯ ಪೇತ್ರ ಯಾಕೆ ‘ಏಳು ಸಲ ಸಾಕೋ’ ಅಂತ ಕೇಳಿದ ಅನ್ನೋದಕ್ಕೂ ಅರ್ಧ ಗಂಟೆ ಮಾತಾಡಬಲ್ಲರು. ಅಷ್ಟರಲ್ಲಿ ಮೊಬೈಲ್ ರಿಂಗ್ ಆಗುತ್ತದೆ. ಸ್ವಂತ ತಮ್ಮ. ಆಸ್ತಿ ಜಗಳ ಆದಮೇಲೆ ಮಾತು ಬಿಟ್ಟವನು. ಹೆಸರು ನೋಡುತ್ತಾರೆ, ಫೋನನ್ನು ಮಗುಚಿ ಇಡುತ್ತಾರೆ, ಪಾಠ ಮುಂದುವರಿಸುತ್ತಾರೆ. ಇಂಥವರ ನಂಬಿಕೆ ಸುಳ್ಳು ಅಂತ ತೀರ್ಪು ಕೊಡೋಕೆ ನಾನ್ಯಾರು? ಆದರೆ ಆ ಫೋನ್ ಎತ್ತೋದು ಅವರ ಪಾಲಿನ 9 ಕಿಲೋಮೀಟರ್.

ಮೆಥಡಿಸ್ಟ್ ಪಂಗಡಕ್ಕೆ ಮೂಲವಾದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿಯನ್ನೇ ನೋಡಿ. ಆಕ್ಸ್‌ಫರ್ಡ್‌ನಲ್ಲಿ ಓದಿದವರು, 1728ರಲ್ಲೇ ಪಾದ್ರಿ ಆದವರು. ಮಿಷನರಿಯಾಗಿ ಅಮೆರಿಕದ ಜಾರ್ಜಿಯಾಕ್ಕೂ ಹೋಗಿಬಂದರು. ಬೇರೆಯವರನ್ನು ದೇವರ ಕಡೆಗೆ ತಿರುಗಿಸೋಕೆ ಹೋದೆ, ನನ್ನನ್ನು ತಿರುಗಿಸುವವರು ಯಾರು ಅಂತ ಕೊರಗಿದರು. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ, ಬೈಬಲ್ಲಿನಲ್ಲಿ ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಗೆ ಧರ್ಮ ಸುಧಾರಕ ಮಾರ್ಟಿನ್ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದರು. ಕ್ರಿಸ್ತ ನನ್ನ ಪಾಪವನ್ನೂ ತೆಗೆದಿದ್ದಾನೆ ಅನ್ನೋ ಭರವಸೆ ಆಗ ಹುಟ್ಟಿತು ಅಂತ ಅವರೇ ಬರೆದುಕೊಂಡಿದ್ದಾರೆ. ಆ ಪತ್ರಿಕೆಯನ್ನು ಅವರು ಅದಕ್ಕೂ ಮೊದಲು ಓದಿರಲಿಲ್ಲವೇ!

‘ನನಗೆ ಅಂಥ ಅನುಭವ ಆಗಿಲ್ಲ, ಸಂಶಯ ಬೇರೆ ಇದೆ’ ಅನ್ನೋರು ಮಾರ್ಕನ 9ನೇ ಅಧ್ಯಾಯ ತೆಗೆಯಿರಿ. ಮೂಗದೆವ್ವ ಹಿಡಿದ ಹುಡುಗನನ್ನು ಅವನ ಅಪ್ಪ ಕರೆತಂದಿದ್ದಾನೆ. ಶಿಷ್ಯರ ಕೈಲಿ ವಾಸಿ ಮಾಡೋಕೆ ಆಗಿಲ್ಲ. ಶಾಸ್ತ್ರಿಗಳು ಅಲ್ಲೂ ಇದ್ದಾರೆ, ಶಿಷ್ಯರ ಜೊತೆ ವಾದ ಮಾಡುತ್ತಾ. ಆ ಅಪ್ಪ ಯಾವ ವಚನವನ್ನೂ ಎತ್ತೋದಿಲ್ಲ. ನಂಬುತ್ತೇನೆ, ನಂಬಿಕೆ ಸಾಲದಿದ್ದರೆ ಸಹಾಯ ಮಾಡು ಅಂತ ಕೂಗುತ್ತಾನೆ. ಯೇಸು ಅವನಿಗೆ ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಹುಡುಗನ ಕೈ ಹಿಡಿದು ಎತ್ತಿದ.