ಸ್ವಯಂಸೇವಕರ ಗಾಡಿಗೂ ಮಿನುಗು ದೀಪ ಬೇಕಾ?

ಕೇಳುಗರೆಲ್ಲರಿಗೂ ನಮಸ್ಕಾರ.

ಆಪತ್ತು ಅಂದ ಕೂಡಲೇ ಕೈಲಿದ್ದ ಕೆಲಸ ಬಿಟ್ಟು ಓಡುವ ಜನ ಬೆಂಗಳೂರಿನಲ್ಲಿ ಕಡಿಮೆಯೇನಿಲ್ಲ. ಸಿವಿಲ್ ಡಿಫೆನ್ಸ್‌ನವರಿದ್ದಾರೆ. ರೆಡ್ ಕ್ರಾಸ್‌ನಲ್ಲಿ ಪ್ರಥಮ ಚಿಕಿತ್ಸೆ ಕಲಿತವರಿದ್ದಾರೆ. ಬ್ಯಾಗಿನಲ್ಲಿ ಬ್ಯಾಂಡೇಜು, ಗ್ಲೌಸು ಇಟ್ಟುಕೊಂಡೇ ಆಫೀಸಿಗೆ ಹೋಗುವವರೂ ಇದ್ದಾರೆ. ಇಂಥವರು ನಾಲ್ಕು ಜನ ಸೇರಿದರೆ ಒಂದು ಮಾತು ಬಂದೇ ಬರುತ್ತದೆ. ನಮ್ಮ ಗಾಡಿಗೂ ಒಂದು ಮಿನುಗು ದೀಪ ಹಾಕೋಕೆ ಬಿಟ್ಟಿದ್ದರೆ ಎಷ್ಟು ಬೇಗ ಹೋಗಬಹುದಿತ್ತು, ಅಲ್ವಾ?

ಅವರ ಸಂಕಟ ಸುಳ್ಳಲ್ಲ. ಹೃದಯ ನಿಂತು ಬಿದ್ದವರ ಎದೆ ಒತ್ತಲು ತಡವಾದಷ್ಟೂ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ನೂರಕ್ಕೆ 7ರಿಂದ 10ರಷ್ಟು ಕರಗುತ್ತದೆ. ಸಂಜೆ ಆರೂವರೆಗೆ ಸಿಲ್ಕ್ ಬೋರ್ಡ್‌ನಲ್ಲಿ ಸಿಕ್ಕಿಕೊಂಡವರಿಗೆ ಈ ಲೆಕ್ಕ ಹೇಗಿರುತ್ತದೆ, ನೀವೇ ಯೋಚಿಸಿ.

ಆದರೆ ಕಾನೂನು ಇದಕ್ಕೆ ಒಪ್ಪುವುದಿಲ್ಲ. ಗೂಟದ ಕಾರು ನಿಮಗೆಲ್ಲ ನೆನಪಿರಬೇಕು. ಮಂತ್ರಿಗಳ ಕಾರಿನ ನೆತ್ತಿಯ ಮೇಲಿದ್ದ ಆ ಕೆಂಪು ದೀಪ 2017ರ ಮೇ 1ರಿಂದ ಇಳಿಯಿತು. ರಾಷ್ಟ್ರಪತಿ, ಪ್ರಧಾನಿಗಳ ಕಾರಿಗೂ ರಿಯಾಯಿತಿ ಸಿಗಲಿಲ್ಲ. ಈಗ ಅಂಥ ದೀಪ ಇರುವುದು ಆಂಬುಲೆನ್ಸ್‌ಗೆ, ಅಗ್ನಿಶಾಮಕ ವಾಹನಕ್ಕೆ, ಪೊಲೀಸರಿಗೆ, ವಿಕೋಪದ ಕೆಲಸಕ್ಕೆಂದೇ ಗುರುತಿಸಿದ ಕೆಲವು ಗಾಡಿಗಳಿಗೆ. ಸೈರನ್ ಕಥೆಯೂ ಹೆಚ್ಚು ಕಡಿಮೆ ಇದೇ. ಸ್ವಯಂಸೇವಕರ ಸ್ವಂತ ಕಾರು, ಬೈಕು ಆ ಪಟ್ಟಿಯಲ್ಲಿಲ್ಲ. ಪಕ್ಕದ ಮನೆಯ ಡಾಕ್ಟರ ಕಾರೂ ಇಲ್ಲ.

ನನ್ನನ್ನು ಕೇಳಿದರೆ, ಇಲ್ಲದಿರುವುದೇ ಒಳ್ಳೆಯದು.

ಯಾಕೆ ಅಂತ ತಿಳಿಯಬೇಕಾದರೆ ಗಾಡಿ ಸಿಂಗರಿಸುವ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬನ್ನಿ. ಗಾಡಿಗೆ ಏನು ಬೇಕಾದರೂ ಕಟ್ಟಿಸಿಕೊಳ್ಳುವ ಆಸೆ ನಮ್ಮೂರಿನಲ್ಲಿ ಎಷ್ಟಿದೆ ಅಂತ ಅಲ್ಲಿ ಕಾಣುತ್ತದೆ. ಗಾಜಿನ ಮೇಲೆ ‘ಪೊಲೀಸ್’, ‘ಪ್ರೆಸ್’, ‘ಅಡ್ವೊಕೇಟ್’ ಅಂತ ಸ್ಟಿಕ್ಕರ್ ಅಂಟಿಸಿದ ಗಾಡಿಗಳಂತೂ ಪ್ರತಿ ಸಿಗ್ನಲ್‌ನಲ್ಲೂ ಸಿಗುತ್ತವೆ. ಅದರಲ್ಲಿ ಅಸಲಿ ಯಾವುದು, ಅಣ್ಣನ ಮಗನ ಸ್ನೇಹಿತನದು ಯಾವುದು, ಆ ದೇವರೇ ಬಲ್ಲ. ಸ್ವಯಂಸೇವಕರಿಗೆ ದೀಪ ಕೊಟ್ಟರೆ ಆರು ತಿಂಗಳಲ್ಲಿ ಅದೂ ಇದೇ ಸಾಲಿಗೆ ಸೇರುತ್ತದೆ.

ಆಮೇಲೆ ಪೆಟ್ಟು ಬೀಳುವುದು ಆಂಬುಲೆನ್ಸ್‌ಗೆ. ಈಗಲೇ ನೋಡಿ, ಹಿಂದೆ ಸೈರನ್ ಕೂಗುತ್ತಿದ್ದರೆ ಕೆಲವರು ಕನ್ನಡಿಯಲ್ಲಿ ಇಣುಕಿ, ಒಳಗೆ ಪೇಷಂಟ್ ಇದ್ದಾರೋ ಸುಮ್ನೆ ಖಾಲಿ ಓಡಿಸುತ್ತಿದ್ದಾನೋ ಅಂತ ತನಿಖೆ ಮಾಡುತ್ತಾರೆ. ರೋಗಿಯನ್ನು ಕರೆತರಲು ಹೊರಟ ಆಂಬುಲೆನ್ಸ್ ಖಾಲಿಯೇ ಇರಬೇಕಲ್ಲವೇ ಸ್ವಾಮಿ! ದಾರಿ ಬಿಡದಿದ್ದರೆ 2019ರ ತಿದ್ದುಪಡಿಯ ಪ್ರಕಾರ 10,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅಷ್ಟಿದ್ದರೂ ಅನುಮಾನ ಹೋಗಿಲ್ಲ. ಕಂಡಕಂಡ ಗಾಡಿಯೆಲ್ಲ ಮಿನುಗಲು ಶುರುವಾದರೆ ಯಾರು ಸರಿಯುತ್ತಾರೆ?

ಬೇರೆ ದೇಶಗಳಲ್ಲಿ ಕೊಟ್ಟಿದ್ದಾರಲ್ಲ ಅನ್ನುತ್ತಾರೆ. ಕೊಟ್ಟಿದ್ದಾರೆ, ನಿಜ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಬೆಂಕಿ ಆರಿಸಲು ಹೋಗುವ ಸ್ವಯಂಸೇವಕರ ಕಾರಿಗೆ ನೀಲಿ ದೀಪ, ಆಂಬುಲೆನ್ಸ್ ಸ್ವಯಂಸೇವಕರಿಗೆ ಹಸಿರು. ಕೆನಡಾದ ಒಂಟಾರಿಯೋದಲ್ಲಿ ಬೆಂಕಿ ಆರಿಸುವ ಸ್ವಯಂಸೇವಕರಿಗೆ ಹಸಿರು ದೀಪ. ಆದರೆ ಆ ದೀಪಕ್ಕೆ ಇರುವ ಬೆಲೆ ಕೇಳಿದರೆ ನಮ್ಮವರಿಗೆ ನಿರಾಸೆಯಾಗುತ್ತದೆ. ಅದು ಬರೀ ವಿನಂತಿ. ಉಳಿದವರು ಮನಸ್ಸಿದ್ದರೆ ದಾರಿ ಬಿಡಬಹುದು. ದೀಪ ಹಾಕಿಕೊಂಡವರು ಕೆಂಪು ಸಿಗ್ನಲ್‌ಗೆ ಎಲ್ಲರಂತೆ ನಿಲ್ಲಬೇಕು, ವೇಗದ ಮಿತಿ ಮೀರುವಂತಿಲ್ಲ. ಅಲ್ಲಿ ಊರುಗಳು ದೂರ ದೂರ, ರಸ್ತೆ ಖಾಲಿ, ಅಗ್ನಿಶಾಮಕ ದಳ ನಡೆಯುವುದೇ ಎಷ್ಟೋ ಕಡೆ ಸ್ವಯಂಸೇವಕರಿಂದ. ಅಲ್ಲಿ ಆ ವಿನಂತಿ ನಡೆಯುತ್ತದೆ. ಮೈಸೂರು ರಸ್ತೆಯಲ್ಲಿ ಬಂಪರಿಗೆ ಬಂಪರು ತಾಗಿ ನಿಂತಾಗ, ಮನಸ್ಸಿದ್ದವನೂ ಎಲ್ಲಿಗೆ ಸರಿಯಬೇಕು?

ಹಾಗಾದರೆ ಬೇಗ ತಲುಪುವುದು ಹೇಗೆ? ಹತ್ತಿರ ಇರುವವರು ಹೋಗಬೇಕು, ಅಷ್ಟೇ. ಕೋರಮಂಗಲದಲ್ಲಿ ಯಾರೋ ಬಿದ್ದರೆ ಹೆಬ್ಬಾಳದಿಂದ ಕಾರು ತೆಗೆಯುವುದಲ್ಲ. ಅದೇ ಬೀದಿಯಲ್ಲಿ ಎದೆ ಒತ್ತಲು ಗೊತ್ತಿರುವ ಒಬ್ಬರು ನಡೆದುಕೊಂಡೇ ತಲುಪಬೇಕು. ನಮ್ಮ ಸರ್ಕಾರ 2015ರಲ್ಲಿ 108ಕ್ಕೆ ಬೈಕ್ ಆಂಬುಲೆನ್ಸ್ ಸೇರಿಸಿದ್ದೂ ಇದೇ ಯೋಚನೆಯಿಂದ. ಸಂದಿಯಲ್ಲಿ ನುಗ್ಗಿ ಮೊದಲು ಒಬ್ಬರು ತಲುಪಲಿ, ದೊಡ್ಡ ಗಾಡಿ ಹಿಂದೆ ಬರಲಿ ಅಂತ.

ಇನ್ನೊಂದು ಸಂಗತಿ. ಸ್ವಯಂಸೇವಕರು ಜಾಸ್ತಿ ಹೊತ್ತು ಕಳೆದುಕೊಳ್ಳುವುದು ಎಷ್ಟೋ ಸಲ ರಸ್ತೆಯಲ್ಲಲ್ಲ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ. ಸೆಕ್ಯೂರಿಟಿಯವರು ರಿಜಿಸ್ಟರ್ ಮುಂದಿಡುತ್ತಾರೆ. ಹೆಸರು, ಫೋನ್ ನಂಬರ್, ಯಾವ ಫ್ಲಾಟು, ಬಂದ ಟೈಮು. ಪೆನ್ನು ಬರೆಯುವುದಿಲ್ಲ, ಇನ್ನೊಂದು ಹುಡುಕುತ್ತಾರೆ. ಆಮೇಲೆ ಆಪ್‌ನಲ್ಲಿ ಮನೆಯವರು ಒಪ್ಪಿಗೆ ಕೊಡಬೇಕು. ಮನೆಯವರು ಎಲ್ಲಿ ಕೊಡುತ್ತಾರೆ, ಅಪ್ಪನ ತಲೆ ತೊಡೆಯ ಮೇಲಿಟ್ಟುಕೊಂಡು ಅಳುತ್ತಾ ಕೂತಿರುತ್ತಾರೆ. ಒಳಗೆ ಹೋದರೆ ಲಿಫ್ಟು ಹದಿನಾಲ್ಕನೇ ಮಹಡಿಯಲ್ಲಿ. ಯಾವ ಬಣ್ಣದ ದೀಪ ಈ ಗೇಟು ತೆಗೆಸುತ್ತದೆ ಹೇಳಿ? ಇಲ್ಲಿ ಸೆಕ್ಯೂರಿಟಿಯವರನ್ನು ಬೈದು ಫಲವಿಲ್ಲ. ಬರೆಸಿಕೊಳ್ಳದೆ ಬಿಟ್ಟರೆ ಅವರ ಕೆಲಸ ಹೋಗುತ್ತದೆ.

ಸಹಾಯಕ್ಕೆ ಹೋದವರನ್ನೇ ಕೇಸಿನಲ್ಲಿ ಸಿಕ್ಕಿಸುತ್ತಾರೆ ಅನ್ನುವ ಭಯವೂ ಒಂದಿದೆ. ರಸ್ತೆ ಅಪಘಾತದಲ್ಲಿ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ. ಇಷ್ಟವಿಲ್ಲದಿದ್ದರೆ ಹೆಸರು ಹೇಳಲೇಬೇಕು ಅಂತ ಯಾರೂ ಒತ್ತಾಯಿಸುವಂತಿಲ್ಲ.

ಹಾಗಾಗಿ ನಿಮ್ಮ ಅಪಾರ್ಟ್‌ಮೆಂಟಿನ ಸಂಘದ ಮೀಟಿಂಗು ಇದ್ದರೆ ಈ ವಿಷಯ ಎತ್ತಿ. 108ಕ್ಕೆ ಫೋನ್ ಮಾಡಿದವರು ಕೂಡಲೇ ಗೇಟಿಗೂ ಒಂದು ಫೋನ್ ಮಾಡಲಿ. ಸೆಕ್ಯೂರಿಟಿಯವರು ರಿಜಿಸ್ಟರ್ ಪಕ್ಕಕ್ಕಿಟ್ಟು ಗೇಟು ಪೂರ್ತಿ ತೆಗೆಯಲಿ, ಇನ್ನೊಬ್ಬರು ಲಿಫ್ಟನ್ನು ಕೆಳಗೇ ಹಿಡಿದು ನಿಲ್ಲಿಸಿರಲಿ. ಬಂದವರ ಹೆಸರು, ನಂಬರು ವಾಪಸ್ ಹೋಗುವಾಗ ಬರೆಸಿಕೊಂಡರಾಯಿತು.

ನಮಸ್ಕಾರ.