ಗೋಲು ಬಿದ್ದಾಗ ನಾನು ಅಡುಗೆಮನೆಯಲ್ಲಿದ್ದೆ

ಕ್ಯಾಮೆರಾ ಆನ್ ಮಾಡಿದಾಗ ಬೆಳಗ್ಗೆ ಹತ್ತು ಗಂಟೆ. ರಾತ್ರಿ ಎಂಟೂವರೆಗೆ ಫುಟ್‌ಬಾಲ್ ಫೈನಲ್. ಏಳು ಜನ ಬರುತ್ತಾರೆ, ನಾನೂ ಸೇರಿದರೆ ಎಂಟು. ಸೋಫಾದಲ್ಲಿ ಜಾಗ ಇರುವುದು ಮೂವರಿಗೆ. ಉಳಿದವರಿಗೆ ನೆಲ, ದಿಂಬು, ಮತ್ತೆ ನೋಡಿ, ಆ ಮೂಲೆಯಲ್ಲಿರುವ ಕಾಲು ಅಲುಗಾಡುವ ಸ್ಟೂಲ್. ಮೊದಲು ಬಂದವರಿಗೆ ಸೋಫಾ, ಕೊನೆಗೆ ಬಂದವರಿಗೆ ಸ್ಟೂಲ್. ನಮ್ಮ ಗುಂಪಿನಲ್ಲಿ ಎಲ್ಲರೂ ತಕರಾರಿಲ್ಲದೆ ಒಪ್ಪಿಕೊಂಡಿರುವ ನಿಯಮ ಇದೊಂದೇ.

ಆದರೆ ಅಡುಗೆ ಶುರುವಾಗಿದ್ದು ಇವತ್ತಲ್ಲ, ನಿನ್ನೆ ರಾತ್ರಿಯೇ. ಯಾಕೆ ಅಂತ ಹೇಳಬೇಕಾದರೆ ಒಂದು ಹಳೇ ಗಾಯ ಕೆರೆದುಕೊಳ್ಳಬೇಕು.

2022ರ ಡಿಸೆಂಬರ್ 18. ವಿಶ್ವಕಪ್ ಫೈನಲ್, ಅರ್ಜೆಂಟೀನಾ ಮತ್ತು ಫ್ರಾನ್ಸ್. 78 ನಿಮಿಷ ಆಗಿತ್ತು, ಅರ್ಜೆಂಟೀನಾ 2–0. ಇನ್ನೇನು ಮುಗೀತು ಅಂದುಕೊಂಡು ನಾನು ಎದ್ದು ಅಡುಗೆಮನೆಗೆ ಹೋದೆ. ಎಣ್ಣೆ ಕಾದಿತ್ತು. ಕತ್ತರಿಸಿಟ್ಟ ಆಲೂಗಡ್ಡೆಯನ್ನು ಬಾಣಲೆಗೆ ಬಿಟ್ಟೆ. ಚೊರ್ ಅಂತ ಸದ್ದು. ಆ ಸದ್ದಿನ ನಡುವೆಯೇ ಹಾಲ್‌ನಿಂದ ಒಂದು ಕಿರುಚಾಟ. ಕುದಿಯುವ ಎಣ್ಣೆ ಬಿಟ್ಟು ಬರುವ ಹಾಗಿಲ್ಲ. 'ಏನಾಯ್ತೋ?' ಅಂತ ಕೂಗಿದೆ. ಉತ್ತರ ಬರುವ ಮೊದಲೇ ಇನ್ನೊಂದು ಕಿರುಚಾಟ, ಮೊದಲನೆಯದಕ್ಕಿಂತ ಜೋರು. ಜಾಲರಿ ಸೌಟು ಕೈಯಲ್ಲಿ ಹಿಡಿದೇ ಓಡಿಬಂದರೆ ಪರದೆಯ ಮೇಲೆ 2–2. ಫ್ರಾನ್ಸ್‌ನ ಎಂಬಾಪೆ 80ನೇ ನಿಮಿಷದಲ್ಲಿ ಪೆನಾಲ್ಟಿ ಹೊಡೆದಿದ್ದ, 81ರಲ್ಲಿ ಇನ್ನೊಂದು. ಎರಡನ್ನೂ ನಾನು ಕಿವಿಯಲ್ಲಿ ನೋಡಿದೆ.

ರಿಪ್ಲೇ ಇತ್ತಲ್ವಾ ಅನ್ನಬಹುದು. ಇತ್ತು. ಆದರೆ ರಿಪ್ಲೇ ನೋಡಿ ಯಾರೂ ಸೋಫಾದಿಂದ ಹಾರುವುದಿಲ್ಲ. ಸಾಲದ್ದಕ್ಕೆ ಆಲೂಗಡ್ಡೆಯೂ ಸೀದು ಹೋಗಿತ್ತು.

ಅವತ್ತಿನಿಂದ ನಾನು ಮ್ಯಾಚ್ ಊಟಕ್ಕೆ ತಿಂಡಿ ಆರಿಸುವ ರೀತಿಯೇ ಬದಲಾಯಿತು. ರುಚಿ ಆಮೇಲೆ. ಮೊದಲು ಕೇಳುವ ಪ್ರಶ್ನೆ, ಇದಕ್ಕೆ ನಾನು ಒಲೆ ಮುಂದೆ ನಿಲ್ಲಬೇಕಾ? ನಿಲ್ಲಬೇಕು ಅಂದರೆ ಅದು ಬೇಡ. ರೆಫರಿ ಸೀಟಿ ಊದಿದ ಮೇಲೆ ಒಲೆ ಉರಿಯಬಾರದು. ಓವನ್ ಪರವಾಗಿಲ್ಲ, ಅದು ತನ್ನ ಪಾಡಿಗೆ ತಾನು ಇರುತ್ತದೆ.

ಈಗ ಫ್ರಿಜ್ ತೆಗೆಯುತ್ತಿದ್ದೇನೆ. ಕೆಳಗಿನ ಅರೆಯಲ್ಲಿ, ತಂತಿ ಜಾಲರಿ ಮೇಲೆ, ಮುಚ್ಚದೇ ಇಟ್ಟಿರುವುದು ಎರಡು ಕಿಲೋ ಚಿಕನ್ ವಿಂಗ್ಸ್. ನಿನ್ನೆ ರಾತ್ರಿಯ ಕೆಲಸ ಇದೇ. ತೊಳೆಯಲಿಲ್ಲ, ಬೇಕೆಂದೇ. ಹಸಿ ಕೋಳಿ ತೊಳೆದರೆ ನೀರಿನ ಹನಿ ಜೊತೆ ಬ್ಯಾಕ್ಟೀರಿಯಾ ಸಿಂಕ್‌ಗೆಲ್ಲ ಸಿಡಿಯುತ್ತದೆ. ಟಿಶ್ಯೂ ಪೇಪರ್‌ನಲ್ಲಿ ಒಂದೊಂದನ್ನೂ ಒತ್ತಿ ಒರೆಸಿದೆ. ಆಮೇಲೆ ಕಿಲೋಗೆ ಎರಡು ಟೀ ಚಮಚ ಬೇಕಿಂಗ್ ಪೌಡರ್, ಉಪ್ಪು, ಕಾಳುಮೆಣಸಿನ ಪುಡಿ. ಬೇಕಿಂಗ್ ಪೌಡರ್ ಅಂದೆ, ಅಡುಗೆ ಸೋಡಾ ಅಲ್ಲ. ಒಮ್ಮೆ ಡಬ್ಬಿ ಅದಲುಬದಲಾಗಿ ಸೋಡಾ ಹಾಕಿದ್ದೆ. ಸೋಪು ಕಚ್ಚಿದ ಹಾಗಿತ್ತು. ಆದರೂ ಒಬ್ಬ ಪಾಪ ನಾಲ್ಕು ತಿಂದ.

ಹತ್ತಿರದಿಂದ ನೋಡಿ. ನಿನ್ನೆ ಬಿಳಿಚಿಕೊಂಡು ಒದ್ದೆಯಾಗಿದ್ದ ಚರ್ಮ ಈಗ ಹಳೇ ಕಾಗದದ ಹಾಗೆ ಬಿಗಿದುಕೊಂಡಿದೆ. ಬೆರಳಿಟ್ಟರೆ ಅಂಟುವುದಿಲ್ಲ. ಫ್ರಿಜ್‌ನ ಒಣ ಗಾಳಿ ರಾತ್ರಿಯೆಲ್ಲ ಮೇಲಿನ ನೀರನ್ನು ಎಳೆದುಕೊಂಡಿದೆ. ಗರಿಗರಿಗೆ ಶತ್ರು ನೀರು. ಮೇಲೆ ನೀರಿದ್ದರೆ ಓವನ್‌ನ ಶಾಖವೆಲ್ಲ ಅದನ್ನು ಆರಿಸುವುದರಲ್ಲೇ ಮುಗಿಯುತ್ತದೆ, ಚರ್ಮ ಕೆಂಪಗಾಗುವುದು ಯಾವಾಗ? ಬೇಕಿಂಗ್ ಪೌಡರ್ ಎರಡು ಕೆಲಸ ಮಾಡುತ್ತದೆ. ಚರ್ಮವನ್ನು ಸ್ವಲ್ಪ ಕ್ಷಾರ ಮಾಡಿ ಬೇಗ ಕೆಂಪಾಗುವ ಹಾಗೆ ಮಾಡುತ್ತದೆ. ಜೊತೆಗೆ ಸಣ್ಣ ಸಣ್ಣ ಗುಳ್ಳೆ ಎಬ್ಬಿಸುತ್ತದೆ. ಕಚ್ಚಿದಾಗ ಕರುಂ ಅನ್ನುವುದು ಆ ಗುಳ್ಳೆಗಳೇ. ಕರಿದಿದ್ದಲ್ಲ ಅಂದರೆ ಯಾರೂ ನಂಬುವುದಿಲ್ಲ.

ಸಾಸ್‌ಗೆ ಬೆಣ್ಣೆ ಕರಗಿಸಿ, ಅಷ್ಟೇ ಅಳತೆಯ ಕೆಂಪು ಮೆಣಸಿನಕಾಯಿ ಸಾಸ್ ಸೇರಿಸಿ ಕದಡುವುದು, ಮುಗೀತು. ಇದಕ್ಕೆ ಬಫಲೋ ವಿಂಗ್ಸ್ ಅಂತ ಹೆಸರು. ಮೊದಲ ಸಲ ಕೇಳಿದಾಗ ಎಮ್ಮೆಗೆ ರೆಕ್ಕೆ ಯಾವಾಗ ಬಂತಪ್ಪ ಅಂದುಕೊಂಡಿದ್ದೆ. ಬಫಲೋ ಅನ್ನುವುದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಂದು ಊರು. ಅಲ್ಲಿನ ಆ್ಯಂಕರ್ ಬಾರ್‌ನಲ್ಲಿ 1964ರಲ್ಲಿ ಇದು ಶುರುವಾಯಿತು ಅನ್ನುತ್ತಾರೆ. ಅಲ್ಲಿಯವರೆಗೆ ರೆಕ್ಕೆ ಹೆಚ್ಚಾಗಿ ಸೂಪಿನ ಪಾತ್ರೆಗೆ ಹೋಗುತ್ತಿತ್ತು.

ಸಂಜೆ ಐದೂವರೆ. ಆಲೂಗಡ್ಡೆ. ಹೌದು, ಅದೇ ಆಲೂಗಡ್ಡೆ, ಆದರೆ ಈ ಸಲ ಬಾಣಲೆ ಇಲ್ಲ. ಸಿಪ್ಪೆ ತೆಗೆದು ದಪ್ಪ ಹೋಳು ಮಾಡಿದ್ದೇನೆ. ಎರಡು ಲೀಟರ್ ನೀರಿಗೆ ಧಾರಾಳ ಉಪ್ಪು, ಅರ್ಧ ಟೀ ಚಮಚ ಅಡುಗೆ ಸೋಡಾ. ಸೋಡಾಗೆ ಇಲ್ಲಿ ಕೆಲಸವಿದೆ. ನೀರು ಕುದಿ ಬಂದಮೇಲೆ ಹೋಳು ಹಾಕಿ ಹತ್ತು ನಿಮಿಷ. ಚಾಕುವಿನ ತುದಿ ಸಲೀಸಾಗಿ ಒಳಗೆ ಇಳಿಯಬೇಕು, ಹೋಳು ಮಾತ್ರ ಮುರಿಯಬಾರದು. ನೀರು ಬಸಿದು, ಎರಡು ನಿಮಿಷ ಹಬೆ ಹೋಗಲು ಬಿಡಿ. ಈಗ ಎಣ್ಣೆ ಹಾಕಿ, ಮುಚ್ಚಳ ಮುಚ್ಚಿ, ಪಾತ್ರೆಯನ್ನು ಕುಲುಕಿ. ಮೆಲ್ಲಗಲ್ಲ, ಸಿಟ್ಟು ಬಂದವರ ಹಾಗೆ.

ಮುಚ್ಚಳ ತೆಗೆದಾಗ ಏನು ಕಾಣುತ್ತದೆ ನೋಡಿ. ಹೋಳಿನ ಅಂಚೆಲ್ಲ ಜಜ್ಜಿ, ಮೇಲೆ ಒಂದು ಪದರ ಹಿಟ್ಟು ಮೆತ್ತಿದ ಹಾಗಿದೆ. ಹಾಳಾಯಿತು ಅನ್ನಿಸುತ್ತದೆ, ಅಲ್ವಾ? ಇಲ್ಲ. ನಮಗೆ ಬೇಕಾಗಿದ್ದು ಅದೇ. ಆ ಒರಟು ಹಿಟ್ಟಿನ ಪದರವೇ ಓವನ್‌ನಲ್ಲಿ ಗಟ್ಟಿಯಾಗಿ ಗರಿಗರಿ ಆಗುವುದು. ನಯವಾಗಿ ಕತ್ತರಿಸಿ ನಯವಾಗಿಯೇ ಇಟ್ಟ ಹೋಳು ಎಷ್ಟು ಹೊತ್ತು ಬೇಯಿಸಿದರೂ ಸುಮ್ನೆ ಬೆಂದ ಆಲೂಗಡ್ಡೆಯೇ.

ಟ್ರೇನಲ್ಲಿ ಹೋಳುಗಳ ನಡುವೆ ಜಾಗ ಬಿಡಿ, ಒತ್ತೊತ್ತಾಗಿ ಇಟ್ಟರೆ ತಮ್ಮ ಹಬೆಯಲ್ಲೇ ಮೆತ್ತಗಾಗುತ್ತವೆ. 220 ಡಿಗ್ರಿ, ಸದ್ಯಕ್ಕೆ ನಲವತ್ತು ನಿಮಿಷ. ಪೂರ್ತಿ ಮಾಡಲ್ಲ, ಸ್ವಲ್ಪ ಬಾಕಿ ಉಳಿಸುತ್ತೇನೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಅಷ್ಟರಲ್ಲಿ ಡಿಪ್. ಮೊಸರನ್ನು ಮಧ್ಯಾಹ್ನವೇ ಬಟ್ಟೆಯಲ್ಲಿ ಕಟ್ಟಿ ನೇತುಹಾಕಿ, ಕೆಳಗೆ ಬಟ್ಟಲಿಟ್ಟು ಫ್ರಿಜ್‌ನಲ್ಲಿಟ್ಟಿದ್ದೆ. ನೀರೆಲ್ಲ ಇಳಿದು ಗಟ್ಟಿ ಕೆನೆಯಂತಾಗಿದೆ. ಬೆಳ್ಳುಳ್ಳಿ, ಉಪ್ಪು, ಕತ್ತರಿಸಿದ ಪುದೀನ, ಅಷ್ಟೇ. ಇನ್ನೊಂದು ಹಮ್ಮಸ್. ಕಾಬೂಲಿ ಕಡಲೆ ರಾತ್ರಿ ನೆನೆಸಿದ್ದು, ಬೆರಳಲ್ಲಿ ಒತ್ತಿದರೆ ಬೆಣ್ಣೆಯಂತೆ ಆಗುವವರೆಗೆ ಬೇಯಿಸಿದ್ದು. ಬೆಳ್ಳುಳ್ಳಿಯನ್ನು ನೇರವಾಗಿ ಹಾಕಬೇಡಿ. ಮೊದಲು ನಿಂಬೆರಸದಲ್ಲಿ ಅರೆದು ಹತ್ತು ನಿಮಿಷ ಬಿಟ್ಟರೆ ಅದರ ಘಾಟು ಅಡಗುತ್ತದೆ. ಒಂದೇ ಕೋಣೆಯಲ್ಲಿ ಎಂಟು ಜನ ಮೂರು ಗಂಟೆ ಕಿರುಚುತ್ತಾ ಕೂರುತ್ತಾರೆ, ಆ ದೃಷ್ಟಿಯಿಂದಲೂ ಒಳ್ಳೆಯದು. ಎಳ್ಳಿನ ಪೇಸ್ಟ್ ಹಾಕಿ ರುಬ್ಬುವಾಗ ಎರಡು ಐಸ್ ತುಂಡು ಹಾಕಿ. ಬಣ್ಣ ಬಿಳುಪಾಗುತ್ತದೆ, ಹಗುರವಾಗುತ್ತದೆ.

ನಾಚೋಸ್, ಅಂದರೆ ಜೋಳದ ಚಿಪ್ಸ್, ಯಾಕಿಲ್ಲ ಅಂತ ಒಬ್ಬಳು ಗೆಳತಿ ಆಗಲೇ ಮೆಸೇಜ್ ಮಾಡಿ ಜಗಳಕ್ಕೆ ನಿಂತಿದ್ದಾಳೆ. ಚೀಸ್ ಸುರಿದ ನಾಚೋಸ್‌ಗೆ ಆಯಸ್ಸು ಹತ್ತು ನಿಮಿಷ. ಆಮೇಲೆ ಅದು ಒದ್ದೆ ರಟ್ಟು. ಅರ್ಧ ಆಟ 45 ನಿಮಿಷ. ಲೆಕ್ಕ ಕೂಡಿಬರಲ್ಲ.

ಏಳು ಮೂವತ್ತೈದು. ವಿಂಗ್ಸ್ ಒಳಗೆ, 220 ಡಿಗ್ರಿ, ಐವತ್ತು ನಿಮಿಷ, ನಡುವೆ ಒಮ್ಮೆ ತಿರುವಿ ಹಾಕಬೇಕು. ಒಳಗಿನ ಬಿಸಿ 74 ಡಿಗ್ರಿ ದಾಟಿದರೆ ಕೋಳಿ ಬೆಂದಿದೆ ಅಂತ ಅರ್ಥ. ಆದರೆ ರೆಕ್ಕೆ ಇನ್ನೂ ಮೇಲೆ ಹೋದರೂ ತಡೆದುಕೊಳ್ಳುತ್ತದೆ, ಎದೆಮಾಂಸದ ಹಾಗೆ ಒಣಗಿ ನಾರಾಗುವುದಿಲ್ಲ. ಓವನ್ ಬಾಗಿಲ ಗಾಜಿನಲ್ಲಿ ನೋಡಿ, ಕೊಬ್ಬು ಕರಗಿ ಟ್ರೇಗೆ ತೊಟ್ಟಿಕ್ಕುತ್ತಿದೆ.

ಈ ಹೊತ್ತಿನಲ್ಲೇ ಪಾಪ್‌ಕಾರ್ನ್. ಮನೆಯಲ್ಲಿ ಮಾಡುವವರೆಲ್ಲ ಇದನ್ನು ಲಘುವಾಗಿ ತೆಗೆದುಕೊಳ್ಳುತ್ತಾರೆ, ಅದಕ್ಕೇ ತಳದಲ್ಲಿ ಅರಳದ ಕಾಳು ರಾಶಿ ಉಳಿಯುತ್ತದೆ. ಪ್ರತಿ ಕಾಳಿನ ಒಳಗೂ ನೂರಕ್ಕೆ ಸುಮಾರು 14 ಭಾಗ ನೀರಿರುತ್ತದೆ. ಸುತ್ತ ಗಟ್ಟಿ ಸಿಪ್ಪೆ. 180 ಡಿಗ್ರಿ ಹತ್ತಿರ ಬಂದಾಗ ಒಳಗಿನ ಹಬೆ ತಾಳಲಾರದೆ ಸಿಪ್ಪೆ ಒಡೆಯುತ್ತದೆ. ಅಂದರೆ ಒಂದೊಂದು ಕಾಳೂ ಒಂದು ಪುಟ್ಟ ಕುಕ್ಕರ್. ಎಣ್ಣೆಗೆ ಮೊದಲು ಮೂರೇ ಕಾಳು ಹಾಕಿ. ಮೂರೂ ಸಿಡಿದ ಮೇಲೆ ಉಳಿದ ಅರ್ಧ ಕಪ್ ಸುರಿದು, ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸಿ. ಮೂವತ್ತು ಎಣಿಸಿ. ಎಲ್ಲ ಕಾಳೂ ಒಂದೇ ಹದಕ್ಕೆ ಕಾಯಲಿ ಅಂತ ಈ ತಡೆ. ಮತ್ತೆ ಒಲೆಗಿಟ್ಟಾಗ ಕೇಳಿ. ಟಪ್. ಟಪ್ ಟಪ್. ಆಮೇಲೆ ಒಂದೇ ಸಮನೆ ಮಳೆ. ಮುಚ್ಚಳ ಒಂದು ಬೆರಳಿನಷ್ಟು ಓರೆಯಾಗಿರಲಿ, ಹಬೆ ಹೊರಗೆ ಹೋಗದಿದ್ದರೆ ಪಾಪ್‌ಕಾರ್ನ್ ಜಗಿಯುವಾಗ ರಬ್ಬರ್ ಆಗುತ್ತದೆ. ಬೆಣ್ಣೆ ಕರಗಿಸಿ ಹಾಕಿದರೂ ಅದೇ ಕಥೆ, ಬೆಣ್ಣೆಯಲ್ಲಿ ನೀರಿದೆ. ನಾನು ತುಪ್ಪ ಹಾಕುತ್ತೇನೆ. ಉಪ್ಪನ್ನು ಮಿಕ್ಸಿಯಲ್ಲಿ ಪೌಡರ್‌ನಷ್ಟು ನುಣ್ಣಗೆ ಮಾಡಿದರೆ ಮಾತ್ರ ಅಂಟುತ್ತದೆ, ಇಲ್ಲದಿದ್ದರೆ ಎಲ್ಲ ತಳಕ್ಕೆ.

ಎಂಟು ಕಾಲು. ಬೆಲ್. ಇನ್ನೊಂದು ಬೆಲ್. ಸೋಫಾ ಭರ್ತಿ.

ರಿಮೋಟ್ ಪ್ಲಾಸ್ಟಿಕ್ ಕವರ್ ಒಳಗೆ ಹೋಗಿದೆ ನೋಡಿ. ನಗಬೇಡಿ. ಸಾಸ್ ಮೆತ್ತಿದ ಬೆರಳಲ್ಲಿ ವಾಲ್ಯೂಮ್ ಒತ್ತುವವರು ನಿಮ್ಮ ಮನೆಗೂ ಬರುತ್ತಾರೆ. ಒದ್ದೆ ಬಟ್ಟೆ ನಾಲ್ಕು, ಮೂಳೆ ಹಾಕಲು ಎರಡು ಖಾಲಿ ಬಟ್ಟಲು. ಬಟ್ಟಲಿಲ್ಲದಿದ್ದರೆ ಮೂಳೆ ಎಲ್ಲಿ ಸಿಗುತ್ತದೆ ಅಂತ ನಾಳೆ ಸೋಫಾ ದಿಂಬು ಎತ್ತಿದಾಗ ಗೊತ್ತಾಗುತ್ತದೆ. ಮಾಂಸ ತಿನ್ನದವರು ಇಬ್ಬರಿದ್ದಾರೆ, ಅವರ ಆಲೂಗಡ್ಡೆ ಟ್ರೇ ಬೇರೆ, ಚಮಚವೂ ಬೇರೆ.

ಇನ್ನೊಂದು ವಿಷಯ. ಮೇಜಿನ ಮೇಲೆ ಇಟ್ಟಿರುವುದು ಅರ್ಧ ಮಾತ್ರ. ಬೇಯಿಸಿದ ಕೋಳಿ, ಮೊಸರು, ಇಂಥದ್ದೆಲ್ಲ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು. 45, ವಿರಾಮ 15, ಮತ್ತೆ 45. ಮೇಲೆ ಸೇರಿಸುವ ನಿಮಿಷಗಳೂ ಬಂದರೆ ಅಲ್ಲಿಗೇ ಎರಡು ಗಂಟೆ ಹತ್ತಿರ. ಎಕ್ಸ್‌ಟ್ರಾ ಟೈಮ್ ಬಂತೋ, ಇನ್ನೂ ಮೂವತ್ತು. ಹಾಗಾಗಿ ಉಳಿದ ಡಿಪ್ ಫ್ರಿಜ್‌ನಲ್ಲಿ. ಉಳಿದ ವಿಂಗ್ಸ್ 90 ಡಿಗ್ರಿಗೆ ಇಳಿಸಿದ ಓವನ್‌ನಲ್ಲಿ ಬೆಚ್ಚಗೆ.

ಆಟ ಶುರು. ನಾನು ಕೂತಿದ್ದೇನೆ! ನಾನೂ ಪರದೆಯ ಮುಂದೆ ಕೂತಿದ್ದೇನೆ.

35ನೇ ನಿಮಿಷ. ಚೆಂಡು ಹೊರಗೆ ಹೋಯಿತು, ಯಾರಿಗೋ ಕಾಲು ನೋವು, ಆಟ ನಿಂತಿದೆ. ಎದ್ದು ಓಡಿದೆ. ಓವನ್ ಮತ್ತೆ 220ಕ್ಕೆ, ಬಾಕಿ ಉಳಿಸಿದ್ದ ಆಲೂಗಡ್ಡೆ ಒಳಗೆ, ವಿಂಗ್ಸ್ ಪಕ್ಕಕ್ಕೆ. ವಾಪಸ್ ಬಂದು ಕೂತಾಗಲೂ ಆಟಗಾರ ಇನ್ನೂ ನೆಲದ ಮೇಲೇ ಹೊರಳಾಡುತ್ತಿದ್ದ. ವಿರಾಮದ ಸೀಟಿ ಊದಿದಾಗ ಎಲ್ಲವೂ ಗರಿಗರಿ, ಬಿಸಿ ಬಿಸಿ. ಇದಕ್ಕೇ ಸಂಜೆ ನಲವತ್ತು ನಿಮಿಷಕ್ಕೆ ನಿಲ್ಲಿಸಿದ್ದು.

ದ್ವಿತೀಯಾರ್ಧದಲ್ಲಿ ಒಂದು ಪಾಠ ಅಡುಗೆಗೆ ಸಂಬಂಧವಿಲ್ಲದ್ದು. ಪಕ್ಕದ ಮನೆಯವರು ಟಿವಿಯಲ್ಲಿ ನೋಡುತ್ತಿದ್ದಾರೆ, ನಾವು ಇಂಟರ್ನೆಟ್‌ನಲ್ಲಿ. ಅವರು ಮೊದಲು ಕಿರುಚುತ್ತಾರೆ, ನಮಗೆ ಚೆಂಡು ಇನ್ನೂ ಮೈದಾನದ ಮಧ್ಯದಲ್ಲಿರುತ್ತದೆ. ಕಿಟಕಿ ಮುಚ್ಚಿದೆವು. ಸೆಖೆಗೆ ಬೆಂದೆವು, ಆದರೆ ಗೋಲು ನಮ್ಮದಾಗಿಯೇ ಉಳಿಯಿತು.

1–1. ಎಕ್ಸ್‌ಟ್ರಾ ಟೈಮ್. ಆಮೇಲೆ ಪೆನಾಲ್ಟಿ ಶೂಟೌಟ್.

ಇಲ್ಲಿಂದ ಮುಂದಿನ ಶಾಟ್‌ಗೆ ಕ್ಷಮಿಸಿ. ಕ್ಯಾಮೆರಾವನ್ನು ಮೇಜಿನ ತುದಿಯಲ್ಲಿಟ್ಟು ಮರೆತೇಬಿಟ್ಟಿದ್ದೆ. ಹನ್ನೊಂದು ನಿಮಿಷ ಕಾಣುವುದು ಎರಡೇ. ಮೊಸರಿನ ಡಿಪ್ ಬಟ್ಟಲು, ಮತ್ತೆ ಅದರ ಪಕ್ಕದ ತಟ್ಟೆಯಲ್ಲಿ ಉಳಿದ ಕೊನೆಯ ವಿಂಗ್, ಸಾಸ್‌ನಲ್ಲಿ ಮುಳುಗಿದ್ದು. ಉಳಿದದ್ದೆಲ್ಲ ಸದ್ದು.

ಕೊನೆಯ ಪೆನಾಲ್ಟಿ. ಕೋಣೆ ಪೂರ್ತಿ ಎದ್ದು ನಿಂತು ಹುಚ್ಚು ಕೂಗು. ಆ ಗಲಾಟೆಯಲ್ಲಿ, ಬಲಗಡೆಯಿಂದ, ನಿಧಾನವಾಗಿ ಒಂದು ಕೈ ಬರುತ್ತದೆ. ಕೊನೆಯ ವಿಂಗ್ ಎತ್ತಿಕೊಂಡು ಹೋಗುತ್ತದೆ. ಬಲಗಡೆ ಇದ್ದದ್ದು ಸ್ಟೂಲ್. ಸ್ಟೂಲ್ ಮೇಲಿದ್ದವನು 'ನಂಗೆ ಖಾರ ಆಗಲ್ಲ ಕಣೋ, ನಾನು ಆಲೂಗಡ್ಡೆಯೇ ತಿಂತೀನಿ' ಅಂತ ಬಾಗಿಲಲ್ಲೇ ಹೇಳಿ ಒಳಗೆ ಬಂದವನು.

ಹತ್ತು ಸೆಕೆಂಡ್. ಒಂದು ಲೋಟ ನೀರು ಗಟಗಟ ಕುಡಿದ ಸದ್ದು. ಮೆಣಸಿನಕಾಯಿಯ ಖಾರ ನೀರಿಗೆ ಕರಗುವುದಿಲ್ಲ, ಪಾಪ ಅವನಿಗೆ ಗೊತ್ತಿಲ್ಲ. ಇನ್ನೊಂದು ಲೋಟ. ಆಮೇಲೆ ಅದೇ ಕೈ, ಸಾಸ್ ಮೆತ್ತಿದ ಬೆರಳುಗಳ ಸಮೇತ, ವಾಪಸ್ ಬಂದು ಮೊಸರಿನ ಬಟ್ಟಲನ್ನೇ ಎತ್ತಿಕೊಂಡು ಹೋಯಿತು.